ಮಗುವಿನ ಫಿಟ್ಸ್‌ಗೆ ರಾತ್ರಿ ಕಾವಲು: ನಾಡಿ ನೋಡಿ ಕೂಗುವ ಯಂತ್ರಗಳಲ್ಲಿ ಕೊಡಗಿನ ಮನೆಗೆ ಯಾವುದು ಆದೀತು?

ಫಿಟ್ಸ್ ಇರುವ ಮಗುವಿನ ಮನೆಯವರು ಮೆಡಿಕಲ್ ಶಾಪಿನಲ್ಲಿ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: ನಾವು ನಿದ್ದೆ ಹೋದ ಮೇಲೆ ಫಿಟ್ಸ್ ಬಂದರೆ ಕೂಗಿ ಎಬ್ಬಿಸುವಂಥದ್ದು ಏನಾದರೂ ಇದೆಯಾ? ಇದೆ. ಸಾವಿರ ರೂಪಾಯಿಯ ಬೆರಳಿನ ಕ್ಲಿಪ್ಪಿನಿಂದ ಹಿಡಿದು ಲಕ್ಷ ದಾಟುವ ತೋಳಪಟ್ಟಿಯವರೆಗೆ ಇದೆ. ಹೆಚ್ಚಿನವು ನಾಡಿಬಡಿತವನ್ನೇ ನೆಚ್ಚಿಕೊಂಡಿವೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಕೈಕೊಡುತ್ತವೆ. ಇಂಥ ಜಿಲ್ಲೆಯಲ್ಲಿ ಇವುಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಬರೀ ಸಮಾಧಾನಕ್ಕೆ ಎಂಬುದು ಈ ವಿಮರ್ಶೆಯ ವಿಷಯ.

ಯಂತ್ರಕ್ಕೆ ಫಿಟ್ಸ್ ಕಾಣುವುದಿಲ್ಲ, ನಾಡಿ ಮಾತ್ರ ಕಾಣುತ್ತದೆ. ಹಾಗಾಗಿ ಫಿಟ್ಸ್ ಬಂದಾಗ ಮಗುವಿನ ಹೃದಯಕ್ಕೆ ಏನಾಗುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಮಿದುಳಿನ ಇನ್ಸುಲಾ, ಅಮಿಗ್ಡಲಾ, ಹೈಪೊಥಲಾಮಸ್ ಭಾಗಗಳು ಹೃದಯಬಡಿತದ ಮತ್ತು ಉಸಿರಿನ ಉಸ್ತುವಾರಿ ನೋಡಿಕೊಳ್ಳುತ್ತವೆ. ಕಿವಿಯ ಪಕ್ಕದ ಟೆಂಪೊರಲ್ ಹಾಲೆಯಲ್ಲಿ ಹುಟ್ಟುವ ಫಿಟ್ಸ್ ಇವಕ್ಕೆ ಬೇಗ ತಗುಲುತ್ತದೆ. ಕೆಲವು ಮಕ್ಕಳಲ್ಲಿ ಕೈಕಾಲು ಅಲ್ಲಾಡುವುದಕ್ಕೆ ಕೆಲವು ಸೆಕೆಂಡು ಮೊದಲೇ ನಾಡಿ ಏರುವುದು ಇದರಿಂದಲೇ. ಇಡೀ ಮೈ ಸೆಟೆದು ಜಗ್ಗುವ ದೊಡ್ಡ ಫಿಟ್ಸ್‌ನಲ್ಲಿ ಸ್ನಾಯುಗಳ ದುಡಿತ ಮತ್ತು ಅಡ್ರಿನಲಿನ್ ಸೇರಿಕೊಂಡು ನಾಡಿ ಇಮ್ಮಡಿಯಾಗುವುದೂ ಉಂಟು. ಮಕ್ಕಳ ಫಿಟ್ಸ್‌ನಲ್ಲಿ ಅತಿ ಸಾಮಾನ್ಯವಾಗಿ ಕಾಣುವ ಹೃದಯದ ಬದಲಾವಣೆ ಈ ಏರಿಕೆಯೇ. ಅದೊಂದೇ ಆದರೆ ಹೃದಯಕ್ಕೆ ಹಾನಿಯೇನೂ ಇಲ್ಲ.

ಇಳಿಕೆ ಅಪರೂಪ. ಫಿಟ್ಸ್ ನಡುವೆಯೇ ಬಡಿತ ನಿಧಾನವಾಗಿ ಕೆಲವು ಸೆಕೆಂಡು ಹೃದಯ ನಿಂತೇಹೋಗುವುದು ವಿಡಿಯೊ ಇಇಜಿಗೆ (ವಿಡಿಯೊ ಜೊತೆಗೆ ಮಿದುಳಿನ ಅಲೆ ಬರೆಯುವ ಪರೀಕ್ಷೆ) ದಾಖಲಾದ ರೋಗಿಗಳಲ್ಲೂ ನೂರಕ್ಕೆ ಅರ್ಧಕ್ಕಿಂತ ಕಡಿಮೆ ಮಂದಿಯಲ್ಲಿ ಕಂಡದ್ದು, ಅದೂ ಹೆಚ್ಚಾಗಿ ದೊಡ್ಡವರಲ್ಲಿ. ಗುರುತು ಹೀಗಿರುತ್ತದೆ: ಕಣ್ಣು ನೆಟ್ಟು ಕೂತಿದ್ದ ಮಗು ಫಿಟ್ಸ್ ಮಧ್ಯೆ ಥಟ್ಟನೆ ಬಿಳಿಚಿಕೊಂಡು ಬಟ್ಟೆಯಂತೆ ಕುಸಿಯುತ್ತದೆ. ಹೀಗೆ ಒಂದು ಸಲ ಆದರೂ ವೈದ್ಯರಿಗೆ ಬಿಡಿಸಿ ಹೇಳಬೇಕು.

ಮೂರನೆಯದು ಉಸಿರಿನ ದಾರಿಯಿಂದ ಬರುವುದು. ಫಿಟ್ಸ್ ವೇಳೆ ಉಸಿರು ತಡೆದರೆ ಆಮ್ಲಜನಕ ಇಳಿಯುತ್ತದೆ. ಆಮ್ಲಜನಕ ಇಳಿದಾಗ ಮಕ್ಕಳ ಹೃದಯ ದೊಡ್ಡವರಿಗಿಂತ ಬೇಗ ನಿಧಾನವಾಗುತ್ತದೆ. ಆಸ್ಪತ್ರೆಯ ನಿಗಾ ಘಟಕಗಳಲ್ಲಿ ದಾಖಲಾದ ಹಠಾತ್ ಸಾವುಗಳನ್ನು ಒಟ್ಟುಗೂಡಿಸಿ ನೋಡಿದ 2013ರ ಮಾರ್ಟೆಮಸ್ ಅಧ್ಯಯನದಲ್ಲಿ ಕಂಡದ್ದೂ ಇದೇ ಅನುಕ್ರಮ: ದೊಡ್ಡ ಫಿಟ್ಸ್ ಮುಗಿದ ಕೆಲವೇ ನಿಮಿಷಗಳಲ್ಲಿ ಮೊದಲು ಉಸಿರು, ಆಮೇಲೆ ಹೃದಯ. ಮಕ್ಕಳಲ್ಲಿ ಇಂಥ ಸಾವು ವರ್ಷಕ್ಕೆ ಸುಮಾರು 4,500 ರೋಗಿಗಳಲ್ಲಿ ಒಬ್ಬರಿಗೆ ಎಂದು ಅಮೆರಿಕದ ನರರೋಗ ವೈದ್ಯರ 2017ರ ಮಾರ್ಗಸೂಚಿ ಹೇಳುತ್ತದೆ. ಅಪರೂಪ, ಆದರೆ ರಾತ್ರಿ ಕಾವಲು ಎಂಬ ಮಾತು ಬರುವುದೇ ಇದರಿಂದ. ಏರುವ ನಾಡಿ, ಇಳಿಯುವ ನಾಡಿ, ಇಳಿಯುವ ಆಮ್ಲಜನಕ: ಈ ಮೂರನ್ನೂ ನೋಡದ ಯಂತ್ರ ಅರ್ಧ ಕಾವಲುಗಾರ.

ಯಂತ್ರಕ್ಕೆ ದುಡ್ಡು ಹಾಕುವ ಮೊದಲು ಒಂದು 12 ಲೀಡ್ ಇಸಿಜಿ ಆಗಿದೆಯೇ ಎಂದು ಫೈಲಿನಲ್ಲಿ ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವ, ಹತ್ತು ನಿಮಿಷದ, ನೋವಿಲ್ಲದ ಪರೀಕ್ಷೆ ಇದು. ಆದರೂ ಇಇಜಿ, ಎಂಆರ್‌ಐ ಎಲ್ಲ ಮುಗಿಸಿದ ಫೈಲುಗಳಲ್ಲೂ ಇದು ತಪ್ಪಿಹೋಗಿರುತ್ತದೆ. ಇದು ಬೇಕಾದ್ದಕ್ಕೆ ಕಾರಣ ಲಾಂಗ್ ಕ್ಯೂಟಿ ಎಂಬ ಹುಟ್ಟಿನಿಂದ ಬರುವ ಹೃದಯದ ತೊಂದರೆ. ಅದರಲ್ಲಿ ಲಯ ಕೆಟ್ಟು ಮಿದುಳಿಗೆ ರಕ್ತ ನಿಂತಾಗ ಮಗು ಬಿದ್ದು ಕೈಕಾಲು ಜಗ್ಗುತ್ತದೆ. ನೋಡಿದವರಿಗೆ ಅದು ಫಿಟ್ಸ್. ಓಡುವಾಗ, ಈಜುವಾಗ, ಬೆಚ್ಚಿಬಿದ್ದಾಗ ಬರುವುದು ಅದರ ಲಕ್ಷಣ. ಪುತ್ತರಿ ಹಬ್ಬದ ರಾತ್ರಿ ಕದಿರು ಕೊಯ್ಯುವಾಗ ಹಾರಿಸಿದ ಕೋವಿ ಸದ್ದಿಗೋ, ತಲೆಮಗ್ಗುಲಲ್ಲಿ ಹೊಡೆದ ಅಲಾರಂಗೋ ಮಗು ಬಿದ್ದಿತೆಂದರೆ ಅದನ್ನು ಫಿಟ್ಸ್ ಖಾತೆಗೆ ಬರೆಯುವ ಮೊದಲು ಇಸಿಜಿ ಆಗಲೇಬೇಕು. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡವರಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು.

ಇಸಿಜಿ ಕಾಗದದ ತುದಿಯಲ್ಲಿ ಯಂತ್ರವೇ ಅಚ್ಚು ಹಾಕುವ ಕ್ಯೂಟಿಸಿ (ಒಂದು ಬಡಿತದ ವಿದ್ಯುತ್ ಚಟುವಟಿಕೆಗೆ ಹಿಡಿಯುವ ಹೊತ್ತು ಕ್ಯೂಟಿ, ಅದನ್ನು ನಾಡಿಯ ವೇಗಕ್ಕೆ ಸರಿಹೊಂದಿಸಿದ್ದು ಕ್ಯೂಟಿಸಿ) ಅಂಕಿಯನ್ನೇ ಪೂರ್ತಿ ನಂಬಬಾರದು. ಮಗು ಅತ್ತು ನಾಡಿ ಏರಿದ್ದರೆ ಹಾಗೆ ಸರಿಹೊಂದಿಸುವ ಬ್ಯಾಜೆಟ್ ಸೂತ್ರ ಕ್ಯೂಟಿಸಿಯನ್ನು ಇದ್ದದ್ದಕ್ಕಿಂತ ಉದ್ದ ತೋರಿಸುತ್ತದೆ. ಮಗು ಸುಮ್ಮನಿದ್ದಾಗ, ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ತೆಗೆದ ಪಟ್ಟಿಯಲ್ಲಿ, ಎರಡನೇ ಲೀಡ್ ಅಥವಾ ವಿ5ರಲ್ಲಿ ವೈದ್ಯರು ಕೈಯಿಂದ ಅಳೆದದ್ದೇ ಲೆಕ್ಕ. 460 ಮಿಲಿಸೆಕೆಂಡ್ ದಾಟಿದರೆ ಮತ್ತೆ ತೆಗೆಸುತ್ತಾರೆ. 480 ದಾಟಿದರೆ ಹೃದಯ ತಜ್ಞರ ಬಳಿಗೆ ಕಳಿಸುತ್ತಾರೆ. ಕ್ಯೂಟಿ ಉದ್ದ ಇರುವ ಮಗುವಿಗೆ ಕೆಮ್ಮು, ವಾಂತಿಗೆಂದು ಸುಲಭವಾಗಿ ಬರೆಯುವ ಅಜಿತ್ರೊಮೈಸಿನ್, ಒಂಡಾನ್ಸೆಟ್ರಾನ್, ಡೊಂಪೆರಿಡೋನ್ ಕೂಡ ತೊಂದರೆ ಮಾಡಬಲ್ಲವು. ಫಿಟ್ಸ್ ಮಾತ್ರೆಗಳಲ್ಲೂ ಕಾರ್ಬಮಜೆಪಿನ್, ಲ್ಯಾಕೊಸಮೈಡ್‌ಗಳು ಹೃದಯದೊಳಗಿನ ವಿದ್ಯುತ್ ಹರಿವನ್ನು ನಿಧಾನ ಮಾಡುತ್ತವೆ. ಹಾರ್ಟ್ ಬ್ಲಾಕ್ (ಆ ವಿದ್ಯುತ್ ಹರಿವಿನ ತಡೆ, ರಕ್ತನಾಳದ ಬ್ಲಾಕ್ ಅಲ್ಲ) ಇರುವವರಿಗೆ ಇವನ್ನು ಕೊಡುವ ಮೊದಲು ವೈದ್ಯರು ಇಸಿಜಿ ಕೇಳುವುದು ಅದಕ್ಕೇ.

ಇನ್ನು ಯಂತ್ರಗಳು. ಬೆರಳಿಗೆ ಕಚ್ಚಿಸುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಿಂದ ಹೆಚ್ಚಿನ ಮನೆಗಳಲ್ಲಿದೆ. ಸಾವಿರದಿಂದ ಎರಡೂವರೆ ಸಾವಿರದೊಳಗೆ ಸಿಗುತ್ತದೆ. ಕಾವಲಿಗೆ ಇದು ಆಗುವುದಿಲ್ಲ. ದೊಡ್ಡವರ ಬೆರಳಿಗೆ ಮಾಡಿದ ಕ್ಲಿಪ್ಪು ಐದು ವರ್ಷದ ಮಗುವಿನ ಬೆರಳಿಗೆ ಸಡಿಲ. ಪಕ್ಕದಿಂದ ಬೆಳಕು ನುಗ್ಗಿ ಅಂಕಿ ಕುಣಿಯುತ್ತದೆ. ಬೆರಳು ಜಾರಿದರೆ ತಾನೇ ಆಫ್ ಆಗುತ್ತದೆ, ಅಂದರೆ ಫಿಟ್ಸ್‌ನ ಜಗ್ಗಾಟಕ್ಕೇ ಕಳಚಿಕೊಂಡು ಮೌನವಾಗುತ್ತದೆ. ರಾತ್ರಿಯಿಡೀ ಕಚ್ಚಿಸಿದರೆ ಚರ್ಮದ ಮೇಲೆ ಗಾಯ. ಫಿಟ್ಸ್ ನಿಂತ ಮೇಲೆ ಆಮ್ಲಜನಕ ಎಷ್ಟಿದೆ ಎಂದು ನೋಡಲು ಮಾತ್ರ ಇದನ್ನು ಇಟ್ಟುಕೊಳ್ಳಬಹುದು. ಆ ಕೆಲಸಕ್ಕೆ ಚೆನ್ನಾಗಿದೆ.

ಈ ವಿಮರ್ಶೆಯ ಆಯ್ಕೆ ಮೇಜಿನ ಮೇಲಿಡುವ, ಉದ್ದ ಕೇಬಲ್ಲು, ಬೇರೆ ಪ್ರೋಬ್ (ಬೆರಳಿಗೆ ಹಾಕುವ ಸೆನ್ಸರ್) ಮತ್ತು ಅಲಾರಂ ಇರುವ ಆಕ್ಸಿಮೀಟರ್. ಮೂರು ಸಂಗತಿಗಳನ್ನೂ ನೋಡುತ್ತದೆ, ಇಂಟರ್ನೆಟ್ ಬೇಡ, ಬ್ಯಾಟರಿ ಒಳಗೇ ಇರುತ್ತದೆ. ಬೆಲೆ ಹತ್ತಾರು ಸಾವಿರದ ಲೆಕ್ಕ. ಮೈಸೂರಿನ ಸರ್ಜಿಕಲ್ ಅಂಗಡಿಗಳಲ್ಲಿ ವಿಚಾರಿಸಬಹುದು, ಬಾಡಿಗೆಗೆ ಕೊಡುವವರಿದ್ದರೆ ಮೊದಲು ಒಂದು ತಿಂಗಳು ಬಾಡಿಗೆಗೇ ತನ್ನಿ. ಒಂದು ಎಚ್ಚರಿಕೆ: ಇದು ಫಿಟ್ಸ್ ಪತ್ತೆಯ ಯಂತ್ರವೆಂದು ಪ್ರಮಾಣಿತವಾದದ್ದಲ್ಲ. ಪ್ರಮಾಣಿತ ಧರಿಸುವ ಯಂತ್ರಗಳನ್ನು ಕೂಡ ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಸಂಘ 2021ರಲ್ಲಿ ಮೈಯೆಲ್ಲ ಜಗ್ಗುವ ದೊಡ್ಡ ಫಿಟ್ಸ್‌ಗೆ ಮಾತ್ರ ಶಿಫಾರಸು ಮಾಡಿತು, ಬೇರೆ ಬಗೆಗಳಿಗೆ ಮಾಡಲಿಲ್ಲ. ಹತ್ತು ಸೆಕೆಂಡು ಕಣ್ಣು ನೆಟ್ಟು ಸುಮ್ಮನಾಗುವ ಆಬ್ಸೆನ್ಸ್ ಫಿಟ್ಸ್‌ನಲ್ಲಿ ನಾಡಿ ಅಷ್ಟಾಗಿ ಬದಲಾಗುವುದಿಲ್ಲ. ಕೂಸುಗಳು ನಿದ್ದೆಯಿಂದ ಏಳುವಾಗ ಗುಂಪುಗುಂಪಾಗಿ ಬರುವ ಸ್ಪಾಸಮ್‌ಗಳೂ (ಕ್ಷಣಕಾಲ ಮೈ ಥಟ್ಟನೆ ಸೆಟೆಯುವುದು) ಇದಕ್ಕೆ ಸಿಗುವುದಿಲ್ಲ. ಅಂಥ ಮಗುವಿಗೆ ಈ ದುಡ್ಡು ದಂಡ. ಮೊಬೈಲಿನಲ್ಲಿ ವಿಡಿಯೊ ತೆಗೆದು ವೈದ್ಯರಿಗೆ ತೋರಿಸುವುದೇ ಮೇಲು.

ಕೊಳ್ಳುವಾಗ ಅಂಗಡಿಯಲ್ಲೇ ನಾಲ್ಕು ಪರೀಕ್ಷೆ ಮಾಡಿಸಿ. ಪ್ಲಗ್ ಕಿತ್ತು ಬ್ಯಾಟರಿಯಲ್ಲಿ ಎಷ್ಟು ಹೊತ್ತು ನಡೆಯುತ್ತದೆ ಕೇಳಿ, ಒಂದು ರಾತ್ರಿ ಪೂರ್ತಿ ಬರಬೇಕು. ಕಕ್ಕಡ ತಿಂಗಳ ಮಳೆಯಲ್ಲಿ ನಾಪೋಕ್ಲು, ಭಾಗಮಂಡಲದ ಕಡೆ ಕರೆಂಟ್ ದಿನಗಟ್ಟಲೆ ಹೋದರೆ ಇನ್ವರ್ಟರ್‌ಗೆ ಜೋಡಿಸಲೇಬೇಕಾಗುತ್ತದೆ. ಪ್ರೋಬ್ ಕಿತ್ತರೆ ಅಲಾರಂ ಹೊಡೆಯುತ್ತದೆಯೇ ನೋಡಿ. ಹೊಡೆಯದ ಯಂತ್ರ ಬೇಡ. ನಾಡಿಯ ಮೇಲಿನ ಮಿತಿ, ಕೆಳಗಿನ ಮಿತಿ, ಆಮ್ಲಜನಕದ ಮಿತಿ ಮೂರನ್ನೂ ಬೇರೆಬೇರೆ ಬದಲಿಸಲು ಬರಬೇಕು, ಆಫ್ ಮಾಡಿ ಆನ್ ಮಾಡಿದಾಗ ಅವು ಉಳಿದಿರಬೇಕು. ಕೆಲವು ಅಗ್ಗದ ಮಾದರಿಗಳು ಪ್ರತಿಸಲ ದೊಡ್ಡವರ ಮಿತಿಗೆ ವಾಪಸು ಹೋಗುತ್ತವೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಕೊನೆಯದು ಸದ್ದು. ಶೀಟ್ ಮನೆಯ ಮೇಲೆ ಜೋರು ಮಳೆ ಬೀಳುವಾಗ ಪಕ್ಕದ ಕೋಣೆಗೆ ಕೇಳಿಸುವುದು ಅಂಗಡಿಯ ಮೌನದಲ್ಲಿ ಗೊತ್ತಾಗದು, ಆದ್ದರಿಂದ ಸದ್ದು ಅತಿ ಹೆಚ್ಚಿಗೆ ಇಟ್ಟಾಗ ಕಿವಿಗೆ ಕಿರಿಕಿರಿ ಆಗುವಷ್ಟಿರಬೇಕು. ಐನ್‌ಮನೆಯಂಥ ದೊಡ್ಡ ಮನೆಗಳಲ್ಲಿ ಒಂದು ತುದಿಯ ಕೋಣೆಯಿಂದ ಇನ್ನೊಂದಕ್ಕೆ ಯಾವ ಯಂತ್ರದ ಸದ್ದೂ ತಲುಪುವುದಿಲ್ಲ.

ಪ್ರೋಬ್ ಹಾಕುವುದರಲ್ಲೇ ಅರ್ಧ ಯಶಸ್ಸು. ಎಂಟು ಹತ್ತು ವರ್ಷದೊಳಗಿನ ಮಗುವಿಗೆ ಸುತ್ತುವ ಬಗೆಯ ಪ್ರೋಬ್, ಕಾಲಿನ ಹೆಬ್ಬೆರಳಿಗೆ. ಕೆಂಪು ಬೆಳಕಿನ ಬಿಂದು ಉಗುರಿನ ಮೇಲೆ, ಅದನ್ನು ಹಿಡಿಯುವ ಬಿಂದು ಸರಿಯಾಗಿ ಕೆಳಗೆ ಎದುರುಬದುರು ಕೂರಬೇಕು. ಸ್ವಲ್ಪ ಓರೆಯಾದರೂ ಆಮ್ಲಜನಕ ಸುಳ್ಳೇ ಇಳಿದಂತೆ ಕಾಣುತ್ತದೆ. ಬಿಗಿಯಾಗಿ ಸುತ್ತಿದರೆ ರಕ್ತ ನಿಂತು ಅದೂ ಸುಳ್ಳು. ಮೇಲೆ ಸಾಕ್ಸ್ ಹಾಕಿ: ಬೆಳಕು ತಡೆಯುತ್ತದೆ, ಕಾಲು ಬೆಚ್ಚಗಿರುತ್ತದೆ. ಇಲ್ಲಿನ ಚಳಿಗೆ ಕಾಲ್ಬೆರಳು ತಣ್ಣಗಾಗಿ ರಕ್ತನಾಳ ಕುಗ್ಗಿದಾಗ ಯಂತ್ರ ನಾಡಿಯನ್ನೇ ಹುಡುಕುತ್ತ ಕೂರುತ್ತದೆ, ಮಧ್ಯರಾತ್ರಿಯ ಸುಳ್ಳು ಅಲಾರಂಗಳಲ್ಲಿ ದೊಡ್ಡ ಪಾಲು ಇದರದ್ದೇ. ನೇಲ್ ಪಾಲಿಶ್ ಒರೆಸಿರಬೇಕು. ಕೇಬಲ್ಲನ್ನು ಪಾದಕ್ಕೆ ಒಂದು ಕಡೆ ಟೇಪ್ ಮಾಡಿ ಹಾಸಿಗೆಯ ಕಾಲ್ತುದಿಯಿಂದ ಹೊರಗೆ ಬಿಡಿ. ಕುತ್ತಿಗೆಯ ಕಡೆ ಯಾವ ಕಾರಣಕ್ಕೂ ಹಾಯಬಾರದು. ನಾಲ್ಕು ಗಂಟೆಗೊಮ್ಮೆ ಇನ್ನೊಂದು ಕಾಲಿಗೆ ಬದಲಿಸಬೇಕು. ಇದು ಬೇಸರದ ಕೆಲಸ, ಹೆಚ್ಚಿನ ಮನೆಗಳಲ್ಲಿ ಕೈಬಿಟ್ಟುಹೋಗುವ ಕೆಲಸವೂ ಇದೇ.

ಮಿತಿ ಎಷ್ಟಕ್ಕೆ ಇಡಬೇಕು? ನಿದ್ದೆಯಲ್ಲಿ ಮಕ್ಕಳ ನಾಡಿ ಒಂದರಿಂದ ಮೂರು ವರ್ಷದವರಿಗೆ ನಿಮಿಷಕ್ಕೆ ಸುಮಾರು 80ರಿಂದ 120, ಶಾಲೆಗೆ ಸೇರುವ ಮುಂಚಿನವರಿಗೆ 65ರಿಂದ 100, ಶಾಲೆಯ ಮಕ್ಕಳಿಗೆ 58ರಿಂದ 90, ಹದಿಹರೆಯದವರಿಗೆ 50ರಿಂದ 90. ಇದು ಪುಸ್ತಕದ ಲೆಕ್ಕ. ನಿಮ್ಮ ಮಗುವಿನದು ಬೇಕು. ಒಂದು ವಾರ ಅಲಾರಂ ಇಲ್ಲದೆ ಹಾಕಿ, ಗಾಢ ನಿದ್ದೆಯಲ್ಲಿ ಎಷ್ಟು, ಮಗ್ಗುಲು ಬದಲಿಸುವಾಗ ಎಷ್ಟಕ್ಕೆ ಹಾರುತ್ತದೆ ಎಂದು ಬರೆದಿಡಿ. ಗಾಢ ನಿದ್ದೆಯಲ್ಲಿ 75 ಇದ್ದು ಮಗ್ಗುಲು ಬದಲಿಸಿದಾಗ 105 ಮುಟ್ಟುವ ಏಳು ವರ್ಷದ ಮಗುವಿಗೆ 100 ಇಟ್ಟರೆ ಯಂತ್ರ ಕನಸಿಗೂ ಕೂಗುತ್ತದೆ, ಮನೆಯವರು ಮೂರನೇ ರಾತ್ರಿ ಆಫ್ ಮಾಡುತ್ತಾರೆ. 125ರ ಸುತ್ತ ಇಟ್ಟರೆ ದೊಡ್ಡ ಫಿಟ್ಸ್ ಸಾಮಾನ್ಯವಾಗಿ ದಾಟುತ್ತದೆ. ಜ್ವರ ಇದ್ದಾಗ ಒಂದು ಡಿಗ್ರಿ ಸೆಲ್ಸಿಯಸ್‌ಗೆ ನಾಡಿ ಹತ್ತರಷ್ಟು ಏರುತ್ತದೆ, ಆ ರಾತ್ರಿಗೆ ಮಿತಿಯನ್ನೂ ಅಷ್ಟು ಏರಿಸಬೇಕು. ಕೆಳಗಿನ ಮಿತಿ ಶಾಲೆಯ ಮಗುವಿಗೆ 50ರ ಆಸುಪಾಸು, ಆಮ್ಲಜನಕಕ್ಕೆ ಶೇಕಡಾ 90. ಬರೆದಿಟ್ಟ ಹಾಳೆಯನ್ನು ನಿಮ್ಮ ವೈದ್ಯರಿಗೆ ತೋರಿಸಿ ಅಂಕಿಗಳನ್ನು ಅವರಿಂದಲೇ ಗಟ್ಟಿ ಮಾಡಿಸಿಕೊಳ್ಳಿ.

ಇನ್ನೊಂದು ಗುಟ್ಟು ಆವರೇಜಿಂಗ್ ಎಂಬ ಸೆಟ್ಟಿಂಗ್‌ನಲ್ಲಿದೆ. ಯಂತ್ರ ತೋರಿಸುವುದು ಈ ಕ್ಷಣದ ನಾಡಿಯಲ್ಲ, ಹಿಂದಿನ ಕೆಲವು ಸೆಕೆಂಡುಗಳ ಸರಾಸರಿ. 16 ಸೆಕೆಂಡಿಗೆ ಇಟ್ಟರೆ ಸುಳ್ಳು ಅಲಾರಂ ಕಡಿಮೆ, ಆದರೆ ನಿಜವಾದದ್ದೂ ತಡ. 8 ಸೆಕೆಂಡು ಮನೆಗೆ ಸರಿ. ಜಗ್ಗಾಟದ ಮಧ್ಯೆ ಸಾಧಾರಣ ಯಂತ್ರಗಳು ನಾಡಿ ಕಳೆದುಕೊಂಡು 'ಪ್ರೋಬ್ ಆಫ್' ಎಂದು ಕೂಗುತ್ತವೆ. ಮಾಸಿಮೊ, ನೆಲ್‌ಕೋರ್ ತಂತ್ರಜ್ಞಾನ ಇರುವವು ಅಲುಗಾಟವನ್ನು ಹೆಚ್ಚು ತಾಳುತ್ತವೆ, ಬೆಲೆಯೂ ಹಾಗೇ. ಯಾವುದಿದ್ದರೂ 'ಪ್ರೋಬ್ ಆಫ್' ಸದ್ದಿಗೆ ಮಲಗಿದಲ್ಲಿಂದಲೇ ಗೊಣಗಿ ಬಟನ್ ಒತ್ತದೆ ಎದ್ದು ಮಗುವಿನ ಮುಖ ನೋಡಬೇಕು.

ಸ್ಮಾರ್ಟ್ ವಾಚ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗ್ಗದವು ನಾಡಿಯನ್ನು ಬಿಡದೆ ನೋಡುವುದಿಲ್ಲ, ಕೆಲವು ನಿಮಿಷಕ್ಕೊಮ್ಮೆ ಇಣುಕುತ್ತವೆ. ಎರಡು ನಿಮಿಷದ ಫಿಟ್ಸ್ ಆ ಸಂದಿಯಲ್ಲಿ ಮುಗಿದಿರುತ್ತದೆ. ಆಪಲ್ ವಾಚ್‌ನ ಹೆಚ್ಚು ಬಡಿತದ ಎಚ್ಚರಿಕೆ ಬರುವುದು ಧರಿಸಿದವರು 10 ನಿಮಿಷ ಅಲುಗದೆ ಇದ್ದಾಗ ಮಾತ್ರ, ಫಿಟ್ಸ್‌ಗೆ ಅದು ತದ್ವಿರುದ್ಧ. ಅದರ ಇಸಿಜಿ ಸೌಲಭ್ಯ 22 ವರ್ಷ ಮೇಲ್ಪಟ್ಟವರಿಗೆ. ಫಿಟ್ಸ್‌ಗೆಂದೇ ಮಾಡಿದ ಎಂಪಾಟಿಕಾ ಕಂಪನಿಯ ಎಂಬ್ರೇಸ್ ಪಟ್ಟಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ದೊಡ್ಡವರಿಗೂ 2019ರಲ್ಲಿ 6 ವರ್ಷ ಮೇಲ್ಪಟ್ಟ ಮಕ್ಕಳಿಗೂ ಒಪ್ಪಿಗೆ ಕೊಟ್ಟಿತು. ಆದರೆ ಅದು ನೋಡುವುದು ಕೈಯ ಅಲುಗಾಟವನ್ನೂ ಚರ್ಮದ ಬೆವರಿನ ವಿದ್ಯುತ್ತನ್ನೂ, ನಾಡಿಯನ್ನಲ್ಲ. ಕರೆ ಹೋಗಲು ಪಕ್ಕದಲ್ಲಿ ಫೋನೂ ನೆಟ್‌ವರ್ಕೂ ಬೇಕು. ಟವರ್ ಬ್ಯಾಟರಿ ಮುಗಿದ ರಾತ್ರಿ ಬಿರುನಾಣಿಯ ಮನೆಯಲ್ಲಿ ಅದು ಬರೀ ಕೈಪಟ್ಟಿ. ನೆದರ್‌ಲೆಂಡ್ಸ್‌ನ ನೈಟ್‌ವಾಚ್ ತೋಳಪಟ್ಟಿ ನಾಡಿ ಮತ್ತು ಅಲುಗಾಟ ಎರಡನ್ನೂ ಸೇರಿಸಿ ಲೆಕ್ಕ ಹಾಕುತ್ತದೆ, ಮಕ್ಕಳ ಮೇಲೂ ಪರೀಕ್ಷೆಯಾಗಿದೆ, ಕೂಗುವುದಕ್ಕೆ ಅದರದೇ ಪೆಟ್ಟಿಗೆ ಇದೆ. ಯೋಚನೆಯಾಗಿ ಈ ಎಲ್ಲದರಲ್ಲೂ ಅದೇ ಉತ್ತಮ. ಆಮ್ಲಜನಕ ಮಾತ್ರ ನೋಡುವುದಿಲ್ಲ. ತರಿಸಿಕೊಳ್ಳುವ ಮೊದಲು ರಿಪೇರಿಗೆ, ಹೊಸ ಪಟ್ಟಿಗೆ ಯಾರನ್ನು ಹಿಡಿಯಬೇಕು ಎಂದು ಕೇಳಿಕೊಳ್ಳಿ.

ಎದೆಗೆ ಎಲೆಕ್ಟ್ರೋಡ್ ಅಂಟಿಸಿ 24 ಗಂಟೆ ಇಸಿಜಿ ಬರೆಯುವ ಹೋಲ್ಟರ್ ಕಾವಲಿನ ಯಂತ್ರವಲ್ಲ, ತನಿಖೆಯದು. ತಿಂಗಳಿಗೊಮ್ಮೆ ಫಿಟ್ಸ್ ಬರುವ ಮಗುವಿಗೆ ಒಂದು ದಿನದ ಹೋಲ್ಟರ್‌ನಲ್ಲಿ ಅದು ಸಿಕ್ಕಿಬೀಳುವುದು ಅದೃಷ್ಟ. ಅದಕ್ಕಿಂತ ಮೈಸೂರಿಗೋ ನಿಮ್ಹಾನ್ಸ್‌ಗೋ ವಿಡಿಯೊ ಇಇಜಿಗೆ ಹೋದಾಗ ಇಸಿಜಿ ಚಾನೆಲ್ ಹಾಕಿದ್ದೀರಾ, ಬೆರಳಿಗೆ ಆಕ್ಸಿಮೀಟರ್ ಇಟ್ಟಿದ್ದೀರಾ ಎಂದು ತಂತ್ರಜ್ಞರನ್ನು ಕೇಳಿ. ಮಿದುಳಿನ ಅಲೆ ಎದ್ದ ಕ್ಷಣಕ್ಕೂ ನಾಡಿ ಏರಿದ ಕ್ಷಣಕ್ಕೂ ಇರುವ ಅಂತರ ಒಂದೇ ಪರದೆಯಲ್ಲಿ ಸಿಗುವುದು ಅಲ್ಲಿ ಮಾತ್ರ. ನಾಡಿ ಮೊದಲೇ ಏರುವ ಮಗು ಎಂದು ಗೊತ್ತಾದರೆ ಮುಂದೆ ಒಂದು ದಾರಿಯೂ ಇದೆ. ಕುತ್ತಿಗೆಯ ವೇಗಸ್ ನರಕ್ಕೆ ಜೋಡಿಸುವ ವಿಎನ್‌ಎಸ್ ಯಂತ್ರದ ಹೊಸ ಮಾದರಿಗಳು ನಾಡಿ 20ರಿಂದ 70 ಶೇಕಡಾದ ನಡುವೆ ನಿಗದಿ ಮಾಡಿದಷ್ಟು ಏರಿದೊಡನೆ ತಾವೇ ವಿದ್ಯುತ್ ಕೊಡುತ್ತವೆ.

ಅಲಾರಂ ಹೊಡೆದ ಮೇಲೆ ಏನು ಮಾಡಬೇಕು ಎಂಬುದು ಗೊತ್ತಿಲ್ಲದ ಮನೆಗೆ ಯಾವ ಯಂತ್ರವೂ ದಂಡ. ಗಡಿಯಾರ ನೋಡಿ, ಮಗುವನ್ನು ಮಗ್ಗುಲಿಗೆ ಹೊರಳಿಸಿ, ಮುಖದ ಮೇಲಿನ ರಗ್ಗು ತೆಗೆಯಿರಿ. ಬಾಯಿಗೆ ಚಮಚ, ಕೈಗೆ ಕಬ್ಬಿಣದ ಬೀಗದ ಕೈ, ಮೂಗಿಗೆ ಈರುಳ್ಳಿ ಯಾವುದೂ ಬೇಡ. ಐದು ನಿಮಿಷ ದಾಟಿದರೆ ಮೂಗಿಗೆ ಫಿಟ್ಸ್ ನಿಲ್ಲಿಸುವ ಮಿಡಜೊಲಾಮ್ ಸ್ಪ್ರೇ. ಪ್ರಮಾಣ ಸಾಮಾನ್ಯವಾಗಿ ತೂಕದ ಕಿಲೋಗೆ 0.2 ಮಿಲಿಗ್ರಾಂ, 20 ಕಿಲೋದ ಮಗುವಿಗೆ 4 ಮಿಲಿಗ್ರಾಂ. ಇಲ್ಲಿ ತಪ್ಪಾಗುವುದು ಬಾಟಲಿಯಲ್ಲಿ: ಒಂದು ಒತ್ತಿಗೆ 0.5 ಮಿಲಿಗ್ರಾಂ ಬರುವುದೂ ಇದೆ, 1.25 ಬರುವುದೂ ಇದೆ. ಮೊದಲನೆಯದಾದರೆ ಎಂಟು ಒತ್ತು, ಎರಡನೆಯದಾದರೆ ಮೂರು (3.75 ಮಿಲಿಗ್ರಾಂ, ಹತ್ತಿರದ ಲೆಕ್ಕ). ಎರಡೂ ಮೂಗಿಗೆ ಹಂಚಿ. ವೈದ್ಯರಿಂದ ಒತ್ತಿನ ಲೆಕ್ಕವನ್ನೇ ಬರೆಸಿಕೊಂಡು ಬಾಟಲಿಗೆ ಅಂಟಿಸಿಡಿ. ಹೊಸ ಬಾಟಲಿಯನ್ನು ಮೊದಲು ಗಾಳಿಗೆ ಒತ್ತಿ ಮಂಜು ಬರಿಸಿಕೊಳ್ಳದಿದ್ದರೆ ಮೊದಲ ಒತ್ತುಗಳು ಖಾಲಿ ಹೋಗುತ್ತವೆ. ಐದು ನಿಮಿಷಕ್ಕೇ 108ಕ್ಕೂ ಕರೆ ಮಾಡಿ. ಕರಿಕೆಯಂಥ ಕಡೆ ಆಂಬುಲೆನ್ಸ್ ತಲುಪುವುದು ತಡ, ಆದ್ದರಿಂದಲೇ ಅಲ್ಲಿ ಸ್ಪ್ರೇ ಯಂತ್ರಕ್ಕಿಂತ ಮೊದಲು ಮನೆಗೆ ಬರಬೇಕು.

ಜಗ್ಗಾಟ ನಿಂತ ಮೇಲೂ ನಾಡಿ ಕೆಲವು ನಿಮಿಷ ಮೇಲೆಯೇ ಇರುತ್ತದೆ, ಅದಕ್ಕೆ ಹೆದರಬೇಡಿ. ನೋಡಬೇಕಾದ್ದು ಎದೆ ಏರಿಳಿಯುತ್ತಿದೆಯೇ, ಆಮ್ಲಜನಕ 90ರ ಮೇಲಕ್ಕೆ ಬರುತ್ತಿದೆಯೇ ಎಂಬುದು. ಮಿಡಜೊಲಾಮ್ ಕೂಡ ಉಸಿರನ್ನು ತಗ್ಗಿಸಬಲ್ಲದು. ಉಸಿರು ಇಲ್ಲವೆಂದಾದರೆ ಎದೆ ಒತ್ತಲು ಶುರು ಮಾಡಬೇಕು: ನಿಮಿಷಕ್ಕೆ 100ರಿಂದ 120 ವೇಗ, ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು ಆಳ, ಒಬ್ಬರೇ ಇದ್ದರೆ 30 ಒತ್ತಿಗೆ 2 ಉಸಿರು. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ತೋರಿಸಲು ಹೋದ ದಿನ ಇದನ್ನು ಗೊಂಬೆಯ ಮೇಲೆ ತೋರಿಸಿಕೊಡುವವರಿದ್ದಾರೆಯೇ ಎಂದು ವಿಚಾರಿಸಿ.

ತೋಟದ ಲೈನ್ ಮನೆಗಳಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುವ ಕುಟುಂಬಕ್ಕೆ ಈ ಯಂತ್ರಕ್ಕಾಗಿ ಸಾಲ ಮಾಡಿ ಎಂದು ಹೇಳುವುದು ಸರಿಯಲ್ಲ. ಅದೇ ಕೋಣೆಯಲ್ಲಿ ಇನ್ನೊಬ್ಬರು ಮಲಗಿರುವವರಲ್ಲಿ ರಾತ್ರಿಯ ಸಾವಿನ ಅಪಾಯ ಕಡಿಮೆ ಎಂಬುದು ಅಧ್ಯಯನಗಳಲ್ಲಿ ಕಂಡದ್ದು. ಅವರಿಗೆ ಬೇಕಾದ್ದು ತಪ್ಪದೆ ಸಿಗುವ ಮಾತ್ರೆ ಮತ್ತು ಒಂದು ಸ್ಪ್ರೇ. ಬೇರೆ ಕೋಣೆಯಲ್ಲಿ ಮಲಗುವ, ರಾತ್ರಿ ದೊಡ್ಡ ಫಿಟ್ಸ್ ಬರುವ ಮಗುವಿದ್ದರೆ ಮೇಜಿನ ಆಕ್ಸಿಮೀಟರ್ ಕೊಳ್ಳಿ.

ಕೊಂಡವರು ಎರಡು ಪ್ರೋಬ್ ತನ್ನಿ. ಮೊದಲು ಕೆಡುವುದು ಯಂತ್ರವಲ್ಲ, ಪ್ರೋಬಿನ ತಂತಿ, ಅದೂ ಬೆರಳಿನ ಹತ್ತಿರದ ಮಡಿಕೆಯಲ್ಲಿ. ಕಂಪನಿಯಿಂದ ಕಂಪನಿಗೆ ಪ್ಲಗ್ಗಿನ ಪಿನ್ನುಗಳು ಬೇರೆ. ಕೆಲವು ಬಾರಿ ಪ್ಲಗ್ ಕೂತರೂ ಒಳಗಿನ ಜೋಡಣೆ ಬೇರೆ ಇದ್ದು ತಪ್ಪು ಅಂಕಿ ತೋರಿಸುತ್ತದೆ. ಹಾಗಾಗಿ ಹೊಸದು ತರಲು ಹೋಗುವಾಗ ಹಳೆಯ ಪ್ರೋಬನ್ನೂ ಯಂತ್ರದ ಮಾದರಿ ಸಂಖ್ಯೆಯ ಫೋಟೋವನ್ನೂ ಒಯ್ಯಿರಿ. ಹೊಸದನ್ನು ಅಂಗಡಿಯಲ್ಲೇ ನಿಮ್ಮ ಬೆರಳಿಗೆ ಹಾಕಿ, ಕೈಯಿಂದ 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ, ಪರದೆಯ ಅಂಕಿಗೆ ಹೊಂದುತ್ತದೆಯೇ ನೋಡಿ ಬಿಲ್ ಮಾಡಿಸಿ.